ಸರ್ವರ್ ಬೀಳಲಿಲ್ಲ, ಅಪಘಾತಗಳು ಸಮುದ್ರಕ್ಕೆ ಬಿದ್ದವು

ಮೂರು ವರ್ಷದ ಕಾಂಟ್ರ್ಯಾಕ್ಟು ಹೋದ ತಿಂಗಳು ಮುಗಿಯಿತು. ಐದಕ್ಕೆ ಎರಡೂವರೆ ಕೊಡುತ್ತೇನೆ. ಆ ಅರ್ಧ ಪಾಯಿಂಟು ಒಬ್ಬ ಹುಡುಗನಿಗೆ. ಅವನ ವಿಷಯ ಆಮೇಲೆ.

ಇದು ಮೊಬೈಲು, ಮಿಕ್ಸಿ ರಿವ್ಯೂ ಅಲ್ಲ. ಸರ್ಕಾರಿ ಆಫೀಸಿಗೆ ಟೆಂಡರ್ ಮೂಲಕ ಬಂದ ಟೆಕ್ನಿಕಲ್ ಸಪೋರ್ಟ್ ಸೇವೆಯದು. ನೀವ್ಯಾರೂ ಅಂಗಡಿಗೆ ಹೋಗಿ ಇದನ್ನು ಕೊಳ್ಳುವುದಿಲ್ಲ, ಆದರೆ ದುಡ್ಡು ನಿಮ್ಮದೇ. ಕಂಪನಿ ಹೆಸರು ಬರೆಯುವುದಿಲ್ಲ, ಆಫೀಸಿನ ಹೆಸರೂ ಬರೆಯುವುದಿಲ್ಲ. ಇಂಥದ್ದೇ ಟೆಂಡರ್ ಬರೆಯಲು ಕೂತಿರುವ ಯಾರಾದರೂ ಓದಲಿ ಅಂತ ಬರೆಯುತ್ತಿದ್ದೇನೆ. ನಾವು ಬರೆಯಲು ಕೂತಾಗ ಇಂಥದ್ದೊಂದು ಹುಡುಕಿದೆವು, ಸಿಗಲಿಲ್ಲ.

ಏನಿದು ಅಂದರೆ, ರಸ್ತೆ ಅಪಘಾತದ ಮಾಹಿತಿ ಇಡುವ ಒಂದು ವ್ಯವಸ್ಥೆ. ದೇಶಕ್ಕೆಲ್ಲ ಒಂದು ದೊಡ್ಡದು ಇದೆ, ಐರಾಡ್ ಅಂತ. ಐಐಟಿ ಮದ್ರಾಸ್ ರೂಪಿಸಿದ್ದು, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಜಾರಿ ಮಾಡಿದ್ದು, ವಿಶ್ವ ಬ್ಯಾಂಕಿನ ನೆರವಿದೆ. 2021ರಲ್ಲಿ ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಲ್ಲೇ ಮೊಬೈಲಲ್ಲಿ ತುಂಬುತ್ತಾರೆ, ಅಲ್ಲಿಂದ ರಸ್ತೆ ಇಂಜಿನಿಯರಿಗೆ, ಆರ್‌ಟಿಒಗೆ, ಆಸ್ಪತ್ರೆಗೆ ಹೋಗುತ್ತದೆ. ಆಮೇಲೆ ಅದರದೇ ಮುಂದುವರಿದ ರೂಪ ಇ-ಡಾರ್ ಬಂದು ವಿಮಾ ಕಂಪನಿ, ಪರಿಹಾರದ ಟ್ರಿಬ್ಯೂನಲ್ ಕೂಡ ಸೇರಿಕೊಂಡವು. ಅದರ ಬಗ್ಗೆ ಇಲ್ಲಿ ಏನೂ ಹೇಳುತ್ತಿಲ್ಲ. ನಮ್ಮದು ಅದರ ಪಕ್ಕದಲ್ಲಿ ಇಟ್ಟುಕೊಂಡ ಚಿಕ್ಕದು. ಹಳೆಯ ವರ್ಷಗಳ ದಾಖಲೆ, ರಸ್ತೆಯ ನಕ್ಷೆ, ಸ್ಟೇಷನ್‌ಗಳಿಂದ ಬರುವ ಮಾಹಿತಿ, ಎಲ್ಲ ಸೇರಿಸಿ ತಿಂಗಳಿಗೊಂದು ಸಲ ಎಲ್ಲಿ ಏನು ಸರಿ ಮಾಡಬೇಕು ಅಂತ ಪಟ್ಟಿ ತೆಗೆಯುವ ಸಾಫ್ಟ್‌ವೇರು. ಮಾಡಿಸಿದ್ದು ಬೇರೆ ಯಾರೋ, ಎಷ್ಟೋ ವರ್ಷದ ಹಿಂದೆ. ಅದನ್ನು ನಡೆಸಿಕೊಂಡು ಹೋಗಲು, ತೊಂದರೆ ಬಂದರೆ ಸರಿ ಮಾಡಲು, ಬಳಸುವವರಿಗೆ ಹೇಳಿಕೊಡಲು ಒಂದು ಕಂಪನಿ. ಆ ಕಂಪನಿಯ ಜೊತೆ ಮೂರು ವರ್ಷ ಸಂಸಾರ ಮಾಡಿದ್ದು ನಾನು.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. 2022ರಲ್ಲಿ ಈ ದೇಶದಲ್ಲಿ 4,61,312 ರಸ್ತೆ ಅಪಘಾತಗಳು, 1,68,491 ಸಾವು. ಸಾರಿಗೆ ಸಚಿವಾಲಯದ ಲೆಕ್ಕ ಇದು. ಯಾವ ತಿರುವಿಗೆ ತಡೆಗೋಡೆ ಬೇಕು, ಯಾವ ಜಂಕ್ಷನ್‌ಗೆ ದೀಪ ಬೇಕು ಅನ್ನುವುದು ಇಂಥ ದಾಖಲೆಯಿಂದಲೇ ತೀರ್ಮಾನ ಆಗಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್‌ಸ್ಪಾಟ್ ಅಂದರೆ ಏನು ಗೊತ್ತಾ? ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. 500 ಮೀಟರ್! ಅಂದರೆ ಜಾಗದ ಗುರುತು ಒಂದು ಕಿಲೋಮೀಟರ್ ಆಚೀಚೆ ಆದರೂ ಪಟ್ಟಿಯೇ ಸುಳ್ಳು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಕಂಪನಿ ಬಂದಿದ್ದು ಎಲ್ಲರೂ ಬರುವ ದಾರಿಯಲ್ಲೇ, ಎಲ್-1. ಎಲ್ಲರಿಗಿಂತ ಕಡಿಮೆ ರೇಟು. ಅದರಲ್ಲಿ ಅವರ ತಪ್ಪಿಲ್ಲ, ತಪ್ಪು ನಮ್ಮ ಟೆಂಡರಿನದು. ಮುಚ್ಚಿಟ್ಟು ಏನು ಪ್ರಯೋಜನ, ನಮ್ಮ ಟೆಂಡರಿನ ಮುಕ್ಕಾಲು ಭಾಗ ಬಂದಿದ್ದು ಹಳೆಯ ಸಿಸಿಟಿವಿ ಎಎಂಸಿ (ವಾರ್ಷಿಕ ನಿರ್ವಹಣೆ) ಟೆಂಡರಿನಿಂದ. ಕಾಪಿ, ಪೇಸ್ಟ್. ಒಂದು ಕಡೆ ‘ಕ್ಯಾಮೆರಾ ಲೆನ್ಸ್ ಒರೆಸುವುದು’ ಅನ್ನುವ ಸಾಲು ಹಾಗೇ ಉಳಿದುಬಿಟ್ಟಿತ್ತು, ಪ್ರೀ-ಬಿಡ್ ಮೀಟಿಂಗಿನಲ್ಲಿ, ಅಂದರೆ ರೇಟು ಹಾಕುವ ಮೊದಲು ಕಂಪನಿಗಳು ಪ್ರಶ್ನೆ ಕೇಳುವ ಸಭೆಯಲ್ಲಿ, ಯಾರೋ ಕೇಳಿದ ಮೇಲೆ ತೆಗೆದೆವು. ಮೂರು ವರ್ಷದ ಟರ್ನೋವರ್ ಕೇಳಿದ್ದೆವು, ಐಎಸ್‌ಒ ಸರ್ಟಿಫಿಕೇಟ್ ಕೇಳಿದ್ದೆವು, ಇದೇ ತರಹದ ಕೆಲಸ ಮಾಡಿದ ಅನುಭವ ಕೇಳಿದ್ದೆವು. ‘ಇದೇ ತರಹದ’ ಅಂದರೆ ಏನು ಅಂತ ಬಿಡಿಸಿ ಬರೆದಿರಲಿಲ್ಲ. ಅವರು ಹಾಜರಾತಿ ಮೆಷಿನ್ ನೋಡಿಕೊಂಡ ಪತ್ರ ಕೊಟ್ಟರು, ಪಾಸಾಯಿತು. ಅಪಘಾತದ ಜಾಗದ ವಿವರ ಪೊಲೀಸರು ಬರೆಯುವ ಸ್ಪಾಟ್ ಮಹಜರು ಅಂದರೇನು, ಕೇಸಿಗೆ ಕೊಡುವ ಕ್ರೈಂ ನಂಬರ್ ಅಂದರೇನು, ಗಾಯದ ಸರ್ಟಿಫಿಕೇಟು ಯಾರು ಕೊಡುತ್ತಾರೆ, ಇದ್ಯಾವುದೂ ಗೊತ್ತಿರುವ ಒಬ್ಬನಾದರೂ ನಿಮ್ಮಲ್ಲಿ ಇದ್ದಾನಾ ಅಂತ ನಾವು ಕೇಳಲೇ ಇಲ್ಲ.

ಒಳ್ಳೆಯದು ಮೊದಲು ಹೇಳುತ್ತೇನೆ. ಸರ್ವರ್ ವಿಷಯದಲ್ಲಿ ಇವರು ಪಕ್ಕಾ. ಒಪ್ಪಂದದಲ್ಲಿ 99.5 ಶೇಕಡಾ ಹೊತ್ತು ವ್ಯವಸ್ಥೆ ಎದ್ದು ನಿಂತಿರಬೇಕು ಅಂತಿತ್ತು, ಅಂದರೆ ತಿಂಗಳಿಗೆ ಹೆಚ್ಚೆಂದರೆ ಮೂರೂವರೆ ಗಂಟೆ ಮಲಗಬಹುದು. ಮೂರು ವರ್ಷದಲ್ಲಿ ಒಂದೇ ಒಂದು ತಿಂಗಳೂ ಅದನ್ನು ಮೀರಲಿಲ್ಲ. ಒಂದು ಸಲ ಡಿಸ್ಕ್ ಕೈಕೊಟ್ಟಿತು, ಭಾನುವಾರ ರಾತ್ರಿ. ಸೋಮವಾರ ಬೆಳಗ್ಗೆ ನಾನು ಲಾಗಿನ್ ಆಗುವ ಹೊತ್ತಿಗೆ ಬ್ಯಾಕಪ್ಪಿನಿಂದ ಎಲ್ಲ ವಾಪಸ್ ತಂದು ನಿಲ್ಲಿಸಿದ್ದರು, ಒಂದು ಎಂಟ್ರಿಯೂ ಹೋಗಿರಲಿಲ್ಲ. ಸೆಕ್ಯುರಿಟಿ ಆಡಿಟ್ ಹೊತ್ತಿಗೆ ಮಾಡಿಸಿದರು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನದ ಲಾಗ್ (ವ್ಯವಸ್ಥೆಯಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) ಇಡಬೇಕು, ಏನಾದರೂ ಅನಾಹುತ ಆದರೆ ಆರು ಗಂಟೆಯೊಳಗೆ ತಿಳಿಸಬೇಕು. ಇದೆಲ್ಲ ನಾವು ನೆನಪಿಸುವ ಮೊದಲೇ ಅವರ ಹತ್ತಿರ ಸಿದ್ಧವಿತ್ತು. ಇದಕ್ಕೆ ಎರಡು ಪಾಯಿಂಟು, ಧಾರಾಳವಾಗಿ.

ಇನ್ನು ಹೆಲ್ಪ್‌ಡೆಸ್ಕ್. ತೊಂದರೆ ಇದ್ದರೆ ಫೋನ್ ಮಾಡಬೇಕು ಅಥವಾ ಪೋರ್ಟಲ್‌ನಲ್ಲಿ ಟಿಕೆಟ್, ಅಂದರೆ ನಂಬರಿರುವ ದೂರು, ಹಾಕಬೇಕು. ನಾಲ್ಕು ಗಂಟೆಯೊಳಗೆ ಉತ್ತರ ಬರಬೇಕು. ಬರುತ್ತಿತ್ತು. ‘ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ’ ಅಂತ. ಅದನ್ನೂ ಉತ್ತರ ಅಂತಲೇ ಲೆಕ್ಕ ಹಾಕಬೇಕು. ಆ ಕಡೆ ಸ್ಟೇಷನ್ ರೈಟರ್ (ಸ್ಟೇಷನ್ನಿನ ಬರವಣಿಗೆ ಕೆಲಸ ನೋಡಿಕೊಳ್ಳುವ ಪೊಲೀಸ್) ಬಂದೋಬಸ್ತ್‌ಗೆ ಹೋಗಿರುತ್ತಾರೆ, ಮೂರು ದಿನ ಬರುವುದಿಲ್ಲ. ಮೂರು ದಿನ ಗ್ರಾಹಕರಿಂದ ಉತ್ತರ ಬರದಿದ್ದರೆ ಟಿಕೆಟ್ ತಾನಾಗೇ ಮುಚ್ಚಿಕೊಳ್ಳುತ್ತದೆ. ರೈಟರ್ ವಾಪಸ್ ಬಂದು ನೋಡಿದರೆ ‘ಸಮಸ್ಯೆ ಪರಿಹಾರವಾಗಿದೆ’ ಅಂತ ಹಸಿರು ಬಣ್ಣದಲ್ಲಿ ಇರುತ್ತದೆ. ಮತ್ತೆ ಹಾಕಿದರೆ ಹೊಸ ನಂಬರು, ಹೊಸ ನಾಲ್ಕು ಗಂಟೆ, ಮತ್ತೆ ಸ್ಕ್ರೀನ್‌ಶಾಟು. ಒಂದು ಸ್ಟೇಷನ್ನಿಂದ ಒಂದೇ ತೊಂದರೆಗೆ ಏಳು ಟಿಕೆಟ್ ಬಂದಿತ್ತು. ತಿಂಗಳ ವರದಿಯಲ್ಲಿ ಅದು ಏಳು ಸಮಸ್ಯೆ, ಏಳೂ ಪರಿಹಾರ! ಆ ವರದಿ ಅರವತ್ತು ಪುಟ, ಬಣ್ಣಬಣ್ಣದ ಪೈ ಚಾರ್ಟ್ ಚಕ್ರಗಳು. ಬಿಲ್ಲಿನ ಜೊತೆ ಲಗತ್ತಿಸಲು ಚೆನ್ನಾಗಿತ್ತು.

ಸ್ಟೇಷನ್‌ಗಳವರು ಕೊನೆಗೆ ಟಿಕೆಟ್ ಹಾಕುವುದನ್ನೇ ಬಿಟ್ಟರು. ಟಿಕೆಟ್ ಕಡಿಮೆ ಆಯಿತು ಅಂತ ಅದಕ್ಕೂ ಒಂದು ಚಕ್ರ ಬಂತು.

ಈಗ ಒಂದು ಸ್ಟೇಷನ್ನಿನ ಕಥೆಗೆ ಬರುತ್ತೇನೆ.

ಎರಡನೇ ವರ್ಷದ ಪಟ್ಟಿಯಲ್ಲಿ ಒಂದು ಹೊಸ ಬ್ಲ್ಯಾಕ್‌ಸ್ಪಾಟ್ ಬಂತು. ಸಣ್ಣಪುಟ್ಟದ್ದಲ್ಲ, ಪಟ್ಟಿಯ ತಲೆಯಲ್ಲೇ ಕೂತಿತ್ತು. ರಸ್ತೆ ಇಂಜಿನಿಯರುಗಳು ಟೇಪು, ಕ್ಯಾಮೆರಾ ಹಿಡಿದುಕೊಂಡು ಜೀಪಿನಲ್ಲಿ ಹೋದರು. ನಾನೂ ಹೋಗಿದ್ದೆ. ನೆಟ್ಟಗಿರುವ ರಸ್ತೆ, ಆಚೆ ಈಚೆ ಎರಡು ಹಂಪು, ಬ್ಯಾರಿಕೇಡು, ಕಾಂಪೌಂಡಿನ ಪಕ್ಕ ಸಾಲಾಗಿ ಹೂವಿನ ಕುಂಡ. ಪೊಲೀಸ್ ಸ್ಟೇಷನ್ನು. ನಕ್ಷೆಯ ಪ್ರಕಾರ ಆ ಕುಂಡಗಳ ಹತ್ತಿರ ಹನ್ನೊಂದು ಅಪಘಾತ ಆಗಿದ್ದವು. ಎಎಸ್‌ಐ ಒಬ್ಬರು ಹೊರಗೆ ಬಂದು, ‘ಏನ್ ಸಾರ್, ನಮ್ಮ ಸ್ಟೇಷನ್ ಮುಂದೆ ಒಂದು ಸೈಕಲ್ಲೂ ಬಿದ್ದಿಲ್ವಲ್ಲ’ ಅಂದರು.

ಯಾಕೆ ಹೀಗಾಯಿತು ಅಂತ ನಿಮಗೆ ಆಗಲೇ ಹೊಳೆದಿರಬೇಕು. ಮಾಹಿತಿ ತುಂಬುವ ಟ್ಯಾಬಿನಲ್ಲಿ ‘ಸ್ಥಳ ಗುರುತಿಸಿ’ ಅಂತ ಒಂದು ಬಟನ್ ಇದೆ. ಒತ್ತಿದರೆ, ಒತ್ತಿದವರು ಎಲ್ಲಿದ್ದಾರೋ ಆ ಜಾಗ ಸೇರಿಕೊಳ್ಳುತ್ತದೆ. ಅಪಘಾತ ಆದ ಜಾಗದಲ್ಲಿ ಯಾರಿಗೆ ಟ್ಯಾಬು ತೆಗೆಯಲು ಪುರಸೊತ್ತಿರುತ್ತದೆ ಹೇಳಿ. ಗಾಯ ಆದವರನ್ನು ಆಂಬುಲೆನ್ಸಿಗೆ ಹತ್ತಿಸಬೇಕು, ರಸ್ತೆಯಲ್ಲಿ ನಿಂತ ಗಾಡಿ ಎಳೆಸಬೇಕು, ಜನರನ್ನು ಸರಿಸಬೇಕು, ಮಹಜರಿಗೆ ಸಾಕ್ಷಿ ಹಾಕುವ ಪಂಚರನ್ನು ಹಿಡಿಯಬೇಕು. ರೈಟರ್ ರಾತ್ರಿ ಹತ್ತು ಗಂಟೆಗೆ ಸ್ಟೇಷನ್ನಿನಲ್ಲಿ ಕೂತು, ಮಹಜರು ಮುಂದೆ ಇಟ್ಟುಕೊಂಡು, ಟ್ಯಾಬು ತುಂಬುತ್ತಾರೆ. ಬಟನ್ ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ. ಒತ್ತುತ್ತಾರೆ.

ನಾನು ಟಿಕೆಟ್ ಹಾಕಿದೆ. ಉತ್ತರ ನಾಲ್ಕು ಗಂಟೆಯೊಳಗೇ ಬಂತು. ‘ಅಪ್ಲಿಕೇಶನ್ ಸರಿಯಾಗಿ ಕೆಲಸ ಮಾಡುತ್ತಿದೆ. ಇದು ಡೇಟಾ ಸಮಸ್ಯೆ. ಬಳಕೆದಾರರಿಗೆ ತಿಳಿಹೇಳಿ.’ ಈ ‘ಡೇಟಾ ಸಮಸ್ಯೆ’ ಅನ್ನುವ ಮಾತನ್ನು ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅಡುಗೆಯವರು ಒಲೆ ಚೆನ್ನಾಗಿ ಉರಿಯುತ್ತಿದೆ, ಅನ್ನ ಸೀದಿದ್ದರೆ ಅದು ಅಕ್ಕಿ ಸಮಸ್ಯೆ ಅಂದ ಹಾಗಾಯಿತು. ಆದರೆ ಒಪ್ಪಂದ ತೆಗೆದು ನೋಡಿದರೆ ಅವರು ಹೇಳಿದ್ದು ಸರಿ. ಒಲೆ ಉರಿಯಬೇಕು ಅಂತ ಮಾತ್ರ ನಾವು ಬರೆದಿದ್ದೆವು.

ಆಗ ಆ ಹುಡುಗ ಬಂದ. ಕಂಪನಿಯವರು ನಮ್ಮ ಆಫೀಸಿನಲ್ಲಿ ಒಬ್ಬ ಇಂಜಿನಿಯರ್‌ನನ್ನು ಕೂರಿಸಬೇಕು ಅಂತ ಷರತ್ತಿತ್ತು, ಮೂರು ವರ್ಷದಲ್ಲಿ ನಾಲ್ಕು ಜನ ಬದಲಾದರು, ಇವನು ಮೂರನೆಯವನು. ಕೇಳಿದ, ‘ಸಾರ್, ನಾನು ಒಂದು ದಿನ ಆ ಸ್ಟೇಷನ್ನಲ್ಲಿ ಕೂತ್ಕೊಳ್ಳಲಾ?’ ಕಂಪನಿಯವರು ಹೋಗಬೇಡ ಅಂದರಂತೆ, ಫೀಲ್ಡ್ ವಿಸಿಟ್ ಒಪ್ಪಂದದಲ್ಲಿ ಇಲ್ಲ, ಬಸ್ ಚಾರ್ಜ್ ಕೊಡುವುದಿಲ್ಲ ಅಂತ. ಇವನು ರಜೆ ಹಾಕಿ ಹೋದ.

ರೈಟರ್ ಐವತ್ತು ದಾಟಿದ ಹೆಡ್ ಕಾನ್ಸ್‌ಟೇಬಲ್. ಮೊದಲು ‘ನಿಮ್ಮ ಕಂಪ್ಯೂಟರ್ ಸಹವಾಸ ಬೇಡಪ್ಪಾ’ ಅಂತ ಮುಖ ತಿರುಗಿಸಿದರಂತೆ. ಇವನು ಏನೂ ಹೇಳಿಕೊಡಲು ಹೋಗಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು ಅವರು ತುಂಬುವುದನ್ನು ನೋಡಿದ. ಅವರು ಮಹಜರಿನಲ್ಲಿ ಜಾಗವನ್ನು ಎಷ್ಟು ನಿಖರವಾಗಿ ಬರೆದಿದ್ದರು ಅಂದರೆ, ಇಂಥ ಕಿಲೋಮೀಟರ್ ಕಲ್ಲಿನಿಂದ ಪೂರ್ವಕ್ಕೆ ಇಷ್ಟು ಅಡಿ, ರಸ್ತೆಯ ಎಡ ಅಂಚಿನಿಂದ ಇಷ್ಟು ಅಡಿ, ಪಕ್ಕದಲ್ಲಿ ಇಂಥವರ ಜಮೀನು, ಎದುರಿಗೆ ಮೋರಿ. ಎಲ್ಲ ಕಾಗದದಲ್ಲಿ ಇದೆ, ಕಣ್ಣಿಗೆ ಕಟ್ಟಿದ ಹಾಗೆ. ಟ್ಯಾಬಿನಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ. ಬಟನ್ ಇದೆ. ‘ನೋಡಪ್ಪಾ, ಇದನ್ನ ಎಲ್ಲಿ ಬರೀಲಿ?’ ಅಂತ ಅವರು ಕೇಳಿದ ಪ್ರಶ್ನೆಗೆ ಅಲ್ಲಿಯವರೆಗೆ ನಮ್ಮ ಹೆಲ್ಪ್‌ಡೆಸ್ಕ್ ಉತ್ತರ ಕೊಟ್ಟಿರಲಿಲ್ಲ, ಯಾಕೆಂದರೆ ಅದರ ಸ್ಕ್ರೀನ್‌ಶಾಟ್ ತೆಗೆಯಲು ಆಗುವುದಿಲ್ಲ.

ಹುಡುಗ ವಾಪಸ್ ಬಂದು ಎರಡು ಗಂಟೆಯಲ್ಲಿ ಎರಡು ಕೆಲಸ ಮಾಡಿದ. ಒಂದು, ಕಿಲೋಮೀಟರ್ ಕಲ್ಲಿನ ನಂಬರ್ ಹಾಕಿದರೆ ನಕ್ಷೆಯಲ್ಲಿ ಗುರುತು ತಾನೇ ಹೋಗಿ ಕೂರುವ ಹಾಗೆ, ಬೇಕಾದರೆ ಬೆರಳಲ್ಲಿ ಎಳೆದು ಸರಿ ಮಾಡುವ ಹಾಗೆ. ಎರಡು, ಗುರುತು ಯಾವುದೇ ಸ್ಟೇಷನ್ನಿನ ನೂರು ಮೀಟರ್ ಒಳಗೆ ಬಿದ್ದರೆ ‘ಅಪಘಾತ ಇಲ್ಲೇ ಆಗಿದ್ದಾ?’ ಅಂತ ಒಂದು ಸಲ ಕೇಳುವ ಹಾಗೆ. ಇಷ್ಟೇ. ಎರಡು ಗಂಟೆಯ ಕೆಲಸ ಚಾಲೂ ಆಗಲು ಐದು ತಿಂಗಳು ಬೇಕಾಯಿತು. ಕಂಪನಿಯ ಪ್ರಕಾರ ಇದು ಸಪೋರ್ಟ್ ಅಲ್ಲ, ಚೇಂಜ್ ರಿಕ್ವೆಸ್ಟು, ಅದಕ್ಕೆ ಬೇರೆ ದುಡ್ಡು, ಬೇರೆ ಕಡತ, ಕಡತಕ್ಕೆ ಹಣಕಾಸಿನವರ ಟಿಪ್ಪಣಿ. ಆ ಐದು ತಿಂಗಳೂ ಕುಂಡದ ಪಕ್ಕ ಅಪಘಾತ ಆಗುತ್ತಲೇ ಇದ್ದವು.

ಆ ಹನ್ನೊಂದರಲ್ಲಿ ಏಳು ಆಗಿದ್ದು ನಾಲ್ಕು ಕಿಲೋಮೀಟರ್ ಆಚೆ ಒಂದು ಮೋರಿಯ ತಿರುವಿನಲ್ಲಿ. ಆ ತಿರುವಿನ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಸಮುದ್ರದ ವಿಷಯ ಮರೆತಿದ್ದೆ. ಹಳೆಯ ದಾಖಲೆಗಳನ್ನು ಎಕ್ಸೆಲ್‌ನಿಂದ ಏರಿಸುವಾಗ ಕೆಲವು ಕಡೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿದ್ದವು. 13, 77 ಇರಬೇಕಾದದ್ದು 77, 13 ಆಗಿತ್ತು. 77 ಡಿಗ್ರಿ ಉತ್ತರ, 13 ಡಿಗ್ರಿ ಪೂರ್ವ ಅಂದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ನೀರು, ಹಿಮಕರಡಿಗಳ ಊರು. ಇನ್ನು ಖಾಲಿ ಬಿಟ್ಟವು ಸೊನ್ನೆ, ಸೊನ್ನೆ ಆಗಿ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ತೇಲುತ್ತಿದ್ದವು. ದ್ವೀಪಗಳನ್ನು ಬಿಟ್ಟರೆ ಭಾರತದ ನೆಲ ಸುಮಾರು 8ರಿಂದ 37 ಡಿಗ್ರಿ ಉತ್ತರ, 68ರಿಂದ 97 ಡಿಗ್ರಿ ಪೂರ್ವ. ಇದರ ಹೊರಗೆ ಬಿದ್ದಿದ್ದನ್ನು ಒಳಗೇ ಬಿಡಬೇಡ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ‘ಡೇಟಾ ಸಮಸ್ಯೆ.’

ಜುಲೈ 1, 2024 ನೆನಪಿದೆಯಾ? ಅವತ್ತು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅಪಘಾತದ ಕೇಸಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಸೆಕ್ಷನ್ 279 (ಅಜಾಗರೂಕ ಚಾಲನೆ) ಹೋಗಿ 281 ಆಯಿತು, 304ಎ (ನಿರ್ಲಕ್ಷ್ಯದಿಂದ ಸಾವು) ಹೋಗಿ 106(1) ಆಯಿತು, ಗಾಯದ 337, 338 ಎರಡೂ 125ರ ಒಳಗೆ ಸೇರಿಕೊಂಡವು. ಕಾನೂನು ಪಾಸಾಗಿದ್ದು 2023ರ ಡಿಸೆಂಬರಿನಲ್ಲಿ. ಆರು ತಿಂಗಳ ಮೇಲೆ ಟೈಮಿತ್ತು. ನಾನು ಏಪ್ರಿಲ್‌ನಲ್ಲೇ ಪತ್ರ ಬರೆದೆ, ಸೆಕ್ಷನ್‌ಗಳ ಪಟ್ಟಿ ಬದಲಿಸಿ ಅಂತ. ಚೇಂಜ್ ರಿಕ್ವೆಸ್ಟ್ ಅಂದರು. ಜುಲೈ ಒಂದರ ಬೆಳಗ್ಗೆ ಸ್ಟೇಷನ್‌ಗಳಿಂದ ಫೋನು ಶುರುವಾಯಿತು, 281 ಪಟ್ಟಿಯಲ್ಲೇ ಇಲ್ಲ, ಏನು ಹಾಕೋಣ? ಎರಡು ವಾರ ‘ಇತರೆ’ ಹಾಕಿದರು.

ಆಮೇಲೆ ಬದಲಿಸಿದರು ನೋಡಿ, ಅದು ಇನ್ನೂ ಚೆನ್ನಾಗಿತ್ತು. ಹೊಸ ಹೆಸರನ್ನು ಸೇರಿಸುವ ಬದಲು ಹಳೆಯದರ ಹೆಸರನ್ನೇ ಅಳಿಸಿ ಹೊಸದು ಬರೆದರು. 279 ಅಂತ ಇದ್ದ ಜಾಗದಲ್ಲೆಲ್ಲ 281. ಒಂದೇ ರಾತ್ರಿಯಲ್ಲಿ 2016ರ ಅಪಘಾತಗಳೂ ನ್ಯಾಯ ಸಂಹಿತೆಯಲ್ಲಿ ದಾಖಲಾದವು. ಜುಲೈ ಒಂದಕ್ಕಿಂತ ಮೊದಲು ನಡೆದ ಘಟನೆಗೆ ಐಪಿಸಿಯೇ ಅನ್ವಯ, ಹಾಗಾಗಿ ಎರಡೂ ಪಟ್ಟಿ ಇರಬೇಕು, ಅಪಘಾತದ ದಿನಾಂಕ ನೋಡಿ ಸರಿಯಾದದ್ದು ತೋರಿಸಬೇಕು. ಇದು ಕಂಪನಿಯವರಿಗೆ ಗೊತ್ತಿಲ್ಲ. ಯಾಕೆ ಗೊತ್ತಿರಬೇಕು, ಅವರು ಹಾಜರಾತಿ ಮೆಷಿನ್ ನೋಡಿಕೊಂಡವರು. ಹುಡುಗ ಅಷ್ಟರಲ್ಲಿ ಬಿಟ್ಟುಹೋಗಿದ್ದ, ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕಿತು. ಅವನಿಗೆ ಇವರು ಎಷ್ಟು ಕೊಡುತ್ತಿದ್ದರು ಅಂತ ಗೊತ್ತಾದ ಮೇಲೆ ಎಲ್-1 ರೇಟು ಎಲ್ಲಿಂದ ಬರುತ್ತದೆ ಅಂತ ಅರ್ಥವಾಯಿತು. ಸರ್ವರ್ ಬಾಡಿಗೆ ಎಲ್ಲರಿಗೂ ಒಂದೇ, ಅಲ್ವಾ. ಉಳಿಸುವುದು ಮನುಷ್ಯರ ಮೇಲೇ.

ಆಸ್ಪತ್ರೆ ಕಡೆಯದು ಇನ್ನೊಂದು. ಅಪಘಾತವಾಗಿ 30 ದಿನದೊಳಗೆ ಸತ್ತರೆ ಅದು ಸಾವಿನ ಅಪಘಾತ, ನಮ್ಮಲ್ಲೂ ಹಾಗೇ, ಬಹಳ ದೇಶಗಳಲ್ಲೂ ಹಾಗೇ. ಆದರೆ ತೀವ್ರ ಗಾಯ ಅಂತ ದಾಖಲಾದವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಹನ್ನೆರಡನೇ ದಿನ ಅಲ್ಲಿ ತೀರಿಕೊಳ್ಳುತ್ತಾರೆ, ಸುದ್ದಿ ಕಾಗದದಲ್ಲಿ ಸ್ಟೇಷನ್ನಿಗೆ ಬರುತ್ತದೆ, ಕೇಸಿನ ಫೈಲಿನಲ್ಲಿ ಸೆಕ್ಷನ್ ಬದಲಾಗುತ್ತದೆ, ನಮ್ಮ ವ್ಯವಸ್ಥೆಯಲ್ಲಿ ಮಾತ್ರ ಅವರು ಇನ್ನೂ ಗಾಯಾಳು. ಆಸ್ಪತ್ರೆಯ ಪಟ್ಟಿ, ಪೊಲೀಸರ ಪಟ್ಟಿ ಹೊಂದಿಸಿ ನೋಡುವ ಕೆಲಸ ಒಪ್ಪಂದದಲ್ಲಿ ಇತ್ತು, ಇಲ್ಲ ಅನ್ನಬಾರದು. ಹೆಸರು ಅಕ್ಷರಕ್ಕೆ ಅಕ್ಷರ ಸರಿಹೊಂದಿದರೆ ಮಾತ್ರ ಹೊಂದಿಸುವ ಪ್ರೋಗ್ರಾಂ ಬರೆದರು. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಪ್ರಜ್ಞೆ ಇಲ್ಲದೆ ಬಂದವರಿಗೆ ಆಸ್ಪತ್ರೆಯಲ್ಲಿ ಹೆಸರೇ ಇರುವುದಿಲ್ಲ, ‘ಅಪರಿಚಿತ ಗಂಡಸು’ ಅಷ್ಟೇ. ವಯಸ್ಸು, ತಂದ ಹೊತ್ತು, ಆಸ್ಪತ್ರೆಯ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ನಂಬರು, ತಂದ ಆಂಬುಲೆನ್ಸು, ಇವನ್ನೆಲ್ಲ ಸೇರಿಸಿ ಇವರೇ ಇರಬಹುದು ಅಂತ ಒಂದು ಪಟ್ಟಿ ಕೊಟ್ಟು ಮನುಷ್ಯರ ಕೈಯಲ್ಲಿ ಖಚಿತ ಮಾಡಿಸಬೇಕಿತ್ತು. ನಾನು ಮತ್ತು ಇನ್ನೊಬ್ಬರು ಆರು ಶನಿವಾರ ಕೂತು ಕೈಯಲ್ಲೇ ಮಾಡಿದೆವು.

‘ಕಾರಣ’ ಅನ್ನುವ ಕಾಲಮ್ಮಿನ ಬಗ್ಗೆ ಒಂದು ಮಾತು, ಇದಕ್ಕೂ ಕಂಪನಿಗೂ ಸಂಬಂಧವಿಲ್ಲ. 2022ರ ದೇಶದ ವರದಿಯಲ್ಲಿ ಶೇಕಡಾ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತಿದೆ. ಇರಬಹುದು. ಆದರೆ ನಮ್ಮ ಫಾರ್ಮಿನಲ್ಲಿ ಅತಿವೇಗ ಮೊದಲ ಸಾಲು, ರಾತ್ರಿ ಹತ್ತು ಗಂಟೆಗೆ ನಾಲ್ಕನೇ ಫಾರ್ಮು ತುಂಬುವವರ ಬೆರಳು ಮೊದಲ ಸಾಲಿಗೇ ಹೋಗುತ್ತದೆ. ಗಾಡಿಯ ವೇಗ ಯಾರೂ ಅಳೆದಿರುವುದಿಲ್ಲ. ಬೀದಿದೀಪ ಉರಿಯುತ್ತಿತ್ತಾ ಅನ್ನುವ ಪ್ರಶ್ನೆ ಮೂರನೇ ಪುಟದಲ್ಲಿದೆ, ಅಲ್ಲಿಯವರೆಗೆ ಹೋಗುವವರು ಕಡಿಮೆ. ಪಟ್ಟಿಯ ಸಾಲನ್ನು ಅಕ್ಷರ ಕ್ರಮದಲ್ಲಿ ಇಡಿ ಅಂತ ಕೇಳಿದ್ದೆ. ಆಮೇಲೆ ಹೊಳೆಯಿತು, ಹಾಗಿಟ್ಟರೂ ಅತಿವೇಗವೇ ಮೊದಲು!

ದಂಡದ ಷರತ್ತು ಇತ್ತಲ್ಲ ಅಂತ ಆಡಿಟ್‌ನವರೂ ಕೇಳಿದರು. ಇತ್ತು. ಸರ್ವರ್ ಮಲಗಿದರೆ ಗಂಟೆಗೆ ಇಷ್ಟು, ಉತ್ತರ ತಡವಾದರೆ ಇಷ್ಟು, ಒಟ್ಟು ಬಿಲ್ಲಿನ ಶೇಕಡಾ ಹತ್ತಕ್ಕೆ ಮಿತಿ. ಮೂರು ವರ್ಷದಲ್ಲಿ ಒಂದು ರೂಪಾಯಿ ದಂಡ ಹಾಕಲು ಆಗಲಿಲ್ಲ. ಅಪಘಾತವನ್ನು ಸ್ವಾಲ್ಬಾರ್ಡ್‌ಗೆ ಕಳಿಸಿದರೆ ಇಷ್ಟು ಅಂತ ಎಲ್ಲೂ ಇರಲಿಲ್ಲ.

ಇದರಿಂದ ಯಾರಿಗೆ ನಷ್ಟ ಅಂದರೆ ಬರೀ ಇಂಜಿನಿಯರಿಗಲ್ಲ. 2022ರ ಏಪ್ರಿಲ್ ಒಂದರಿಂದ ನಿಯಮ ಬದಲಾಗಿ, ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಟ್ರಿಬ್ಯೂನಲ್‌ಗೆ, ವಿಮಾ ಕಂಪನಿಗೆ ತಲುಪಿಸಬೇಕು, 90 ದಿನದೊಳಗೆ ವಿವರವಾದ ವರದಿ. ಸ್ಟೇಷನ್‌ನಲ್ಲಿ ಅದನ್ನೂ ಮಾಡುವುದು ಅದೇ ರೈಟರ್. ಅವರ ಟೇಬಲ್ಲಿನ ಮೇಲೆ ಅದೇ ಅಪಘಾತ ಅಲ್ಲಿಗೊಂದು ಸಲ, ನಮಗೊಂದು ಸಲ, ರಿಜಿಸ್ಟರ್‌ಗೊಂದು ಸಲ ಬರೆಯಿಸಿಕೊಳ್ಳುತ್ತದೆ. ನಮ್ಮದು ಅವರಿಗೆ ಕೊನೆಯ ಕೆಲಸ ಆಗಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ಹಸ್ತಾಂತರ. ಒಪ್ಪಂದ ಮುಗಿದ ಮೇಲೆ ‘ಎಲ್ಲ ಮಾಹಿತಿಯನ್ನು ಕಚೇರಿಗೆ ಒಪ್ಪಿಸತಕ್ಕದ್ದು’ ಅಂತ ಬರೆದಿದ್ದೆವು. ಒಪ್ಪಿಸಿದರು. ಒಂದು ಪೆನ್ ಡ್ರೈವು, ಅದರಲ್ಲಿ ಒಂದು ಪಿಡಿಎಫ್, ಸಾವಿರದ ನೂರು ಚಿಲ್ಲರೆ ಪುಟ. ತೆರೆಯಲು ನನ್ನ ಕಂಪ್ಯೂಟರ್ ಐದು ನಿಮಿಷ ತಗೊಂಡಿತು. ಡೇಟಾಬೇಸ್ ಕೊಡಿ ಅಂದೆ, ಇದೇ ಡೇಟಾ ಅಂದರು. ಯಾವ ಕಾಲಮ್ಮಿನಲ್ಲಿ 3 ಅಂತಿದ್ದರೆ ಏನರ್ಥ ಅಂತ ವಿವರಿಸುವ ಪಟ್ಟಿ ಕೇಳಿದೆ, ಅದು ಒಪ್ಪಂದದಲ್ಲಿ ಇಲ್ಲ ಅಂದರು. ನಿಜ, ಇರಲಿಲ್ಲ. ಆ ಹುಡುಗನ ಹಳೆಯ ನಂಬರಿಗೆ ಫೋನ್ ಮಾಡಿದೆ, ನಾಚಿಕೆ ಬಿಟ್ಟು. ಕೆಲಸ ಬಿಟ್ಟು ವರ್ಷದ ಮೇಲಾಗಿತ್ತು. ‘ಸಾರ್, ನಿಮ್ಮ ಶೇರ್ಡ್ ಫೋಲ್ಡರಲ್ಲಿ ನಾನೇ ಒಂದು ಎಕ್ಸೆಲ್ ಮಾಡಿಟ್ಟಿದ್ದೆ, ನೋಡಿ’ ಅಂದ. ಇತ್ತು. ಪ್ರತಿ ಕಾಲಮ್ಮಿಗೂ ಅರ್ಥ, ಕನ್ನಡದಲ್ಲಿ, ಕೊನೆಯಲ್ಲಿ ಆ ಹೆಡ್ ಕಾನ್ಸ್‌ಟೇಬಲ್ ಹೇಳಿದ ಹನ್ನೆರಡು ತಿದ್ದುಪಡಿ.

ಹಾಗಾದರೆ ಇವರನ್ನು ತಗೋಬಹುದಾ? ನಿಮಗೆ ಬೇಕಾಗಿರುವುದು ಸರ್ವರ್ ಬೀಳದೆ ಇರುವುದು ಅಂತಾದರೆ ಧಾರಾಳವಾಗಿ. ಅಪಘಾತದ ಮಾಹಿತಿ ಬೇಕು ಅಂತಾದರೆ ಮೊದಲು ಟೆಂಡರ್ ಸರಿಯಾಗಿ ಬರೆಯಿರಿ, ಇಲ್ಲದಿದ್ದರೆ ಇವರ ಬದಲು ಯಾರು ಬಂದರೂ ಇದೇ ಕಥೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲೇ ಇಂಥ ಸೇವೆಗಳಿಗೂ ಗುಣಮಟ್ಟಕ್ಕೆ ಶೇಕಡಾ 30ರವರೆಗೆ ಅಂಕ ಕೊಡಬಹುದು ಅಂತ ದಾರಿ ಮಾಡಿಕೊಟ್ಟಿದೆ. ರಾಜ್ಯದ ಕಚೇರಿಗಳು ತಮ್ಮ ಕಾಯ್ದೆ ನೋಡಿಕೊಳ್ಳಬೇಕು, ನಮಗೆ 1999ರ ಕೆಟಿಪಿಪಿ (ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ) ಇದೆ. ಅಂಕ ಕೊಡುವ ಅವಕಾಶ ಸಿಕ್ಕರೆ ಪವರ್‌ಪಾಯಿಂಟ್ ನೋಡಿ ಕೊಡಬೇಡಿ. ಹೆಸರು ಮರೆಮಾಡಿದ ಒಂದು ಮಹಜರು ಕೈಗೆ ಕೊಟ್ಟು ‘ಇದನ್ನು ತುಂಬಿ ತೋರಿಸಿ’ ಅನ್ನಿ. ಸ್ಟೇಷನ್ ಭೇಟಿಯ ಬಸ್ ಚಾರ್ಜನ್ನು ಬಿಲ್ಲಿನೊಳಗೇ ಸೇರಿಸಿ. ಕಾನೂನು ಬದಲಾದರೆ ಪಟ್ಟಿ ಬದಲಿಸುವುದು ಸಪೋರ್ಟಿನ ಒಳಗೇ ಬರುತ್ತದೆ ಅಂತ ಬರೆಯಿರಿ. ತಿಂಗಳಿಗೆ ಐವತ್ತು ದಾಖಲೆ ಆರಿಸಿ ಮಹಜರಿನ ಪಕ್ಕ ಇಟ್ಟು ನೋಡಿ, ಜಾಗ ತಪ್ಪಿದ್ದಕ್ಕೆ ದಂಡ ಇಡಿ. ಆದರೆ ಅದಕ್ಕೆ ತಕ್ಕ ದುಡ್ಡನ್ನೂ ಇಡಿ, ಹಾಜರಾತಿ ಮೆಷಿನ್ ರೇಟಿಗೆ ಇದು ಬರುವುದಿಲ್ಲ.

ನಾವು ಈ ಸಲ ಇಷ್ಟನ್ನೂ ಸೇರಿಸಿದ್ದೇವೆ. ಹೋದ ಗುರುವಾರ ಪ್ರೀ-ಬಿಡ್ ಮೀಟಿಂಗ್ ಇತ್ತು. ಅದೇ ಕಂಪನಿಯವರೂ ಬಂದಿದ್ದರು, ಇಸ್ತ್ರಿ ಶರ್ಟು, ಬಣ್ಣದ ಫೈಲು. ಅವರ ಮೊದಲ ಪ್ರಶ್ನೆ, ‘ಸಾರ್, ಇಲ್ಲಿ ಜಾಗ ಸರಿಯಾಗಿರಬೇಕು ಅಂತ ಹಾಕಿದ್ದೀರಿ, ಸರಿ ಅಂದರೆ ಎಷ್ಟು ಮೀಟರು?’ ಮೂರು ವರ್ಷದಲ್ಲಿ ಅವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಲಿಖಿತ ಉತ್ತರ ಸೋಮವಾರದೊಳಗೆ ಪೋರ್ಟಲ್‌ಗೆ ಹಾಕಬೇಕು. ನಾನು ಐವತ್ತು ಅಂತ ಬರೆದಿದ್ದೇನೆ, ನಮ್ಮ ಸಾಹೇಬರು ನೂರು ಸಾಕು ಅನ್ನುತ್ತಿದ್ದಾರೆ, ಆ ರೈಟರ್‌ಗೆ ಫೋನ್ ಮಾಡಿ ಕೇಳಿದರೆ ‘ನಾನು ಅಡಿ ಲೆಕ್ಕದಲ್ಲಿ ಬರೆದಿರ್ತೀನಿ ಸಾರ್, ನೀವು ಮೀಟರ್ ಮಾಡ್ಕೊಳ್ಳಿ’ ಅಂದರು.